ಮೂವತ್ತು ಇಂಚಿನ ಕೋವಿ

ಖಡ್ಕಿ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಅಜ್ಜನ ತೋಟೆಯ ಡಬ್ಬಿಯ ಮೇಲೆ. ಸಕಲೇಶಪುರದ ಹತ್ತಿರದ ನಮ್ಮ ಕಾಫಿ ತೋಟದ ಮನೆಯಲ್ಲಿ, ಅಟ್ಟದ ಮೇಲೆ, ಮಕ್ಕಳ ಕೈಗೆಟುಕದ ಹಾಗೆ ಇಟ್ಟಿರುತ್ತಿದ್ದ 'ಶಕ್ತಿಮಾನ್' ತೋಟೆಗಳು. ಖಡ್ಕಿ ಎಲ್ಲಿದೆ ಅಂತ ಕೇಳಿದರೆ ಅಜ್ಜ "ಬೊಂಬಾಯಿ ಕಡೆ" ಅಂದು ಮಾತು ಮುಗಿಸುತ್ತಿದ್ದರು. ನಲವತ್ತು ವರ್ಷ ಕಳೆದ ಮೇಲೆ ಪುಣೆಯಲ್ಲಿ ಅದೇ ಖಡ್ಕಿಯ ಪಕ್ಕದಲ್ಲಿ ನನ್ನ ಫ್ಲ್ಯಾಟು. ಅಜ್ಜನ ಕೋವಿಯೂ ವಾರಸುದಾರಿಕೆಯ ಕಾಗದಪತ್ರಗಳ ಸಮೇತ ಪುಣೆಗೆ ಬಂತು.

ಒಂಟಿ ನಳಿಗೆ, ಹನ್ನೆರಡು ಬೋರು. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದರ ದಪ್ಪ ಎಷ್ಟೋ, ನಳಿಗೆಯ ಒಳಗಿನ ಅಗಲ ಅಷ್ಟು, ಸುಮಾರು 18.5 ಮಿಲಿಮೀಟರು. ಮರದ ಹಿಡಿ ಕತ್ತಿನ ಹತ್ತಿರ ಸೀಳಿದ್ದಕ್ಕೆ ಅಜ್ಜನೇ ತಾಮ್ರದ ತಂತಿ ಸುತ್ತಿದ್ದರು. ಮಡಚುವ ಕೀಲು ಸಡಿಲ, ತೋಟೆಗೆ ಬಡಿಯುವ ಮೊಳೆ ಸವೆದು ಮೊಂಡು, ನಳಿಗೆಯ ಬಾಯಿ ಎಲ್ಲೋ ಕಲ್ಲಿಗೆ ತಗುಲಿ ಒಂದು ಕಡೆ ಚಪ್ಪಟೆ. ಮೇಲಾಗಿ ನನ್ನ ಕಪಾಟಿನ ಬೀಗದ ಖಾನೆಗೆ ಅದು ಹಿಡಿಸುತ್ತಲೂ ಇರಲಿಲ್ಲ. ಬಾಯಿಯ ಕಡೆ ಆರು ಇಂಚು ಕೊಯ್ದುಬಿಟ್ಟರೆ ಚಪ್ಪಟೆಯೂ ಹೋಯಿತು, ಕಪಾಟಿಗೂ ಹಿಡಿಸಿತು, ಖರ್ಚೂ ಕಡಿಮೆ ಎಂದು ಲೆಕ್ಕ ಹಾಕಿಕೊಂಡು ರಿಪೇರಿಯವರ ಹತ್ತಿರ ಹೋದೆ.

ಕೋವಿ ರಿಪೇರಿಯ ಲೈಸೆನ್ಸಿದ್ದ ಆ ಮುದುಕರು ಜಮಖಂಡಿ ಕಡೆಯವರು. ನನ್ನ ಮರಾಠಿ ಎರಡು ವಾಕ್ಯಕ್ಕೇ ಮುಗ್ಗರಿಸಿದ್ದು ನೋಡಿ ಕನ್ನಡಕ್ಕೆ ಇಳಿದರು.

"ಇದನ್ನ ಕೊಯ್ದ್ರ ನಾವಿಬ್ರೂ ಒಳಗ ಹೋಗ್ತೀವಿ ನೋಡ್ರಿ."

1959ರ ಶಸ್ತ್ರ ಕಾಯ್ದೆಯ 6ನೇ ಕಲಮು: ಅದಕ್ಕೆಂದೇ ಲೈಸೆನ್ಸಿಲ್ಲದೆ ಬಂದೂಕಿನ ನಳಿಗೆ ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯಾದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಉದ್ದದ ಕೋವಿ ಹೊಲ ಕಾಯುವವನದು, ಗಿಡ್ಡದ್ದು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಓಡಾಡುವವನದು ಅನ್ನುವುದು ಸರಕಾರದ ಎಣಿಕೆ. ಕಾನೂನು ಬಿಟ್ಟು ನೋಡಿದರೂ ನನ್ನದು ದಡ್ಡ ಲೆಕ್ಕವೇ. ಇಂಥ ನಳಿಗೆಗಳನ್ನು ಬಾಯಿಯ ಹತ್ತಿರ ಕೊಂಚ ಬಿಗಿ ಮಾಡಿರುತ್ತಾರೆ, ಚರೆ ಚದುರದೆ ಹೋಗಲಿ ಎಂದು. ಕೊಯ್ದರೆ ಮೊದಲು ಹೋಗುವುದು ಆ ಬಿಗಿಯೇ.

"ಹಲಗಲಿ ಗೊತ್ತೇನ್ರಿ?" ಎಂದು ಮುದುಕರೇ ಮಾತು ತೆಗೆದರು. ಗೊತ್ತಿತ್ತು, ಪಠ್ಯಪುಸ್ತಕದಷ್ಟು. 1857ರಲ್ಲಿ ಕುಂಪಣಿ ಸರಕಾರ ಆಯುಧ ಒಪ್ಪಿಸಿ ಎಂದು ಹುಕುಂ ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರಲ್ಲಿ ಹಲವರನ್ನು ನೇಣಿಗೆ ಹಾಕಿದರು. ಆ ಬಂಡಾಯದ ಮೇಲೆ ಕಟ್ಟಿದ ಲಾವಣಿಯನ್ನು ಮುಂದೆ ಬರೆದಿಟ್ಟು ಅಚ್ಚು ಹಾಕಿಸಿದವನು ಬ್ರಿಟಿಷ್ ಸರಕಾರದ್ದೇ ನೌಕರ ಜೆ.ಎಫ್. ಫ್ಲೀಟ್ ಅನ್ನುವುದು ವಿಚಿತ್ರ. ಮುದುಕರಿಗೆ ಅದೆಲ್ಲ ಬೇಕಿರಲಿಲ್ಲ. ಅವರ ಅಜ್ಜಿ ಹಾಡುತ್ತಿದ್ದಳಂತೆ, ಅಷ್ಟೇ.

ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅಂಥದೇ ಆಯುಧ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಬೇಡನಿಗೆ ನೇಣು, ಕೊಡವನಿಗೆ ಸನ್ನದು. ಶೌರ್ಯ ಇಬ್ಬರಲ್ಲೂ ಇತ್ತು. ದೊರೆಗೆ ಬೇಕಾದದ್ದು ನಿಷ್ಠೆ. 1878ರ ಲಿಟ್ಟನ್ ಕಾಯ್ದೆಯಂತೂ ಬಿಳಿಯರನ್ನು ಹೊರಗಿಟ್ಟು ಉಳಿದವರಲ್ಲಿ ಬಹುತೇಕರು ಲೈಸೆನ್ಸಿಗೆ ಕೈಯೊಡ್ಡುವಂತೆ ಮಾಡಿತು. ಗಡಿಯಾಚೆಯ ಕೊಡಗಿನ ಗೆಳೆಯರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸುವಾಗ, ನಮ್ಮಜ್ಜ ಲೈಸೆನ್ಸ್ ಪುಸ್ತಕ ಹಿಡಿದು ಕಚೇರಿಯ ಬೆಂಚಿನಲ್ಲಿ ಕೂತಿರುತ್ತಿದ್ದರು. ಆ ಹೊಟ್ಟೆಕಿಚ್ಚು ಸಾಯುವವರೆಗೂ ಹೋಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿಯಿಂದ ಆದದ್ದು ಮಂಗ ಓಡಿಸಲು ಆಕಾಶಕ್ಕೆ ಒಂದು ಈಡು, ಅಷ್ಟೇ.

ಆ ಕೋವಿಗೆ ತೋಟೆ ಮಾತ್ರ ಇಲ್ಲಿಂದ, ಖಡ್ಕಿಯಿಂದಲೇ, ಹೋಗುತ್ತಿತ್ತು. 1817ರ ನವೆಂಬರ್ 5ರಂದು ಪೇಶ್ವೆಯ ಸೇನೆ ಸೋತದ್ದು ಈ ಖಡ್ಕಿಯಲ್ಲೇ. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಎದ್ದದ್ದೂ ಇಲ್ಲೇ. ಸಿಪಾಯಿಗೆ ಮದ್ದು ತಯಾರಿಸುತ್ತಿದ್ದ ಜಾಗದಿಂದ ಸಕಲೇಶಪುರದ ಹಂದಿ, ಮಂಗಗಳಿಗೂ ತೋಟೆ ಬಂತು.

ಮುದುಕರು ಹೊಸ ಮೊಳೆ ಕಡೆದು ಕೂರಿಸಿದರು. ಕೀಲಿನ ಸಡಿಲ ನೋಡಲು ಚಿಮಣಿಯ ಮಸಿಯನ್ನು ನಳಿಗೆಯ ಹಿಂಬದಿಗೆ ಹಿಡಿಸಿ, ಕೋವಿ ಮುಚ್ಚಿ ತೆರೆದು, ಮಸಿ ಎಲ್ಲಿ ಅಂಟಿದೆ, ಎಲ್ಲಿ ಅಂಟಿಲ್ಲ ಎಂದು ಕನ್ನಡಕ ಹಣೆಗೇರಿಸಿ ದಿಟ್ಟಿಸಿದರು. ಮತ್ತೆ ಮಸಿ, ಮತ್ತೆ ಮುಚ್ಚುವುದು. ಇಡೀ ಮಧ್ಯಾಹ್ನ ಅದೇ ಕೆಲಸ. ಬಾಯಿಯ ಚಪ್ಪಟೆಯನ್ನು ಕೊಯ್ಯದೆಯೇ ಒಳಗಿನಿಂದ ಎತ್ತಿ ಸರಿಮಾಡಿದರು. ಹಿಡಿಯ ಸೀಳಿಗೆ ಅಂಟು ತುಂಬಿ, ತಾಮ್ರದ ತಂತಿ ಬಿಚ್ಚಿ ನನ್ನ ಕೈಗಿಟ್ಟರು: "ಅಜ್ಜಾರ ಕೈಗೆಲಸ, ಇಟ್ಕೋರಿ."

ಒಟ್ಟು 2,200 ರೂಪಾಯಿ ಆಯಿತು. ಮರುದಿನ ಬಡಗಿಯನ್ನು ಕರೆಸಿ ಕಪಾಟಿನ ನಡುಹಲಗೆ ಕೊಯ್ಯಿಸಿದೆ, ಅದಕ್ಕೆ 600. ನಳಿಗೆ 30 ಇಂಚೇ ಇದೆ.