55 ಅಶ್ವಶಕ್ತಿ ಅಂದ್ರೆ, ಎಷ್ಟು ಒತ್ತಡದಲ್ಲಿ?

2009ರ ಮಾರ್ಚ್ 29ರಂದು ಕೋಲಾರದಿಂದ ನಿಶಾಂತ್ ಡ್ರೋನ್ ದೇಶೀಯ ವಾಂಕೆಲ್ ಎಂಜಿನ್ ಹೊತ್ತು ಹಾರಿತು. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹ್ಮದ್‌ನಗರದ ವಿಆರ್‌ಡಿಇ ಸೇರಿ ಮಾಡಿದ ಎಂಜಿನ್ ಅದು, ಶಕ್ತಿ 55 ಅಶ್ವಶಕ್ತಿ. ಇಂಥ ಸುದ್ದಿಯಲ್ಲಿ ನಮ್ಮ ಕಣ್ಣು 'ಸ್ವದೇಶಿ' ಅನ್ನೋ ಪದದ ಮೇಲೇ ನಿಂತುಬಿಡುತ್ತೆ. ನಾನು ಕೇಳೋದು ಬೇರೆ: ಆ 55, ಎಷ್ಟು ಮ್ಯಾನಿಫೋಲ್ಡ್ ಒತ್ತಡದಲ್ಲಿ?

ಥ್ರಾಟಲ್ ದಾಟಿ ಎಂಜಿನ್ನಿನ ಬಾಯಿಗೆ ಹೋಗೋ ಗಾಳಿಕೊಳವೆಯೇ ಇಂಟೇಕ್ ಮ್ಯಾನಿಫೋಲ್ಡ್. ಅಲ್ಲಿನ ಒತ್ತಡ ಗೊತ್ತಾದರೆ, ಎಂಜಿನ್ ಒಂದು ಸುತ್ತಿಗೆ ಎಷ್ಟು ಗಾಳಿ ನುಂಗುತ್ತಿದೆ, ಎಷ್ಟು ಇಂಧನ ಬೇಕು ಅಂತ ಅಂದಾಜು ಸಿಗುತ್ತೆ. (ಮೊದಲ ಮಹಾಯುದ್ಧದ ಕಾಲದ, ಸಿಲಿಂಡರುಗಳ ಸಮೇತ ಗಿರಗಿರ ಸುತ್ತುತ್ತಿದ್ದ, ಹರಳೆಣ್ಣೆ ಕುಡಿಯುತ್ತಿದ್ದ ನೋಮ್ ಎಂಜಿನ್ನಿಗೂ 'ರೋಟರಿ' ಅಂತಲೇ ಹೆಸರು. ಅದು ಬೇರೆಯೇ ಜಾತಿ.)

ವಾಂಕೆಲ್‌ನಲ್ಲಿ ತೊಡಕು ಎಲ್ಲಿದೆ ಅಂದ್ರೆ, ಪ್ರತಿ ರೋಟರ್ ಶಾಫ್ಟಿನ ಒಂದು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತೆ. ನಿಮಿಷಕ್ಕೆ 6000 ಸುತ್ತಾದರೆ ಸೆಕೆಂಡಿಗೆ 100 ಎಳೆತ. ಒಂದೇ ರೋಟರ್ ಇದ್ದರೆ ಕೊಳವೆಯೊಳಗೆ ಒತ್ತಡ ಏರಿಳಿಯುತ್ತಲೇ ಇರುತ್ತೆ, ಮುಳ್ಳು ನಡುಗುತ್ತೆ. ಪೋರ್ಟ್ ಪಕ್ಕದ ಗೋಡೆಯಲ್ಲಿರದೆ ಹೊರವೃತ್ತದಲ್ಲಿದ್ದರೆ ಇನ್ನೂ ಕಷ್ಟ. ಆಗ ಇಂಟೇಕ್, ಎಕ್ಸಾಸ್ಟ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ, ಸುಟ್ಟ ಅನಿಲ ಹಿಂದಕ್ಕೆ ನುಗ್ಗುತ್ತೆ. ಐಡಲ್‌ನಲ್ಲಿ ಅಂಥ ಓದಿಕೆಯನ್ನು ನಂಬೋ ಹಾಗಿಲ್ಲ. ಅದಕ್ಕೇ ಆ ಹಂತದಲ್ಲಿ ಥ್ರಾಟಲ್ ಕೋನ ಮತ್ತು ವೇಗ ನೋಡಿ ಇಂಧನ ಕೊಡೋದು ವಾಡಿಕೆ.

ಅಳೆಯುವ ರಂಧ್ರ ಥ್ರಾಟಲ್ ಆದ ಮೇಲೆ ಇರಬೇಕು, ಗೋಡೆಗೆ ಲಂಬವಾಗಿ, ಅಂಚು ನಯವಾಗಿ. ಕೊಳವೆಯ ಮೇಲ್ಭಾಗದಲ್ಲಿದ್ದರೆ ಇಂಧನ ಒಳಗೆ ಇಳಿಯಲ್ಲ. ಸೆನ್ಸರಿನ ದಾರಿಯಲ್ಲಿ ಒಂದು ಸಣ್ಣ ಕಿರಿದಾದ ತೂತು ಇಟ್ಟರೆ ನಡುಕ ತಗ್ಗುತ್ತೆ. ತೀರಾ ಕಿರಿದಾದರೆ ಮಾತ್ರ ಥ್ರಾಟಲ್ ಒತ್ತಿದ್ದು ಸೆನ್ಸರಿಗೆ ತಡವಾಗಿ ಗೊತ್ತಾಗುತ್ತೆ. ನನಗೆ ಕೇಳಿದರೆ, ಪೂರ್ತಿ ಸುತ್ತುಗಳ ಮೇಲೆ ಸರಾಸರಿ ತೆಗೆಯೋದೇ ಒಳ್ಳೆಯದು. ಎರಡು ರೋಟರಿಗೆ ಬೇರೆ ಬೇರೆ ಥ್ರಾಟಲ್ ಇದ್ದರೆ, ಎರಡರಿಂದಲೂ ಸಣ್ಣ ನಳಿಕೆ ತಂದು ಒಂದು ಪುಟ್ಟ ಡಬ್ಬಿಗೆ ಸೇರಿಸಿ ಅಲ್ಲಿ ಅಳೆಯಬೇಕು.

ಸರಿಯಿದೆಯಾ ಅಂತ ನೋಡೋದು ಸುಲಭ. ಎಂಜಿನ್ ನಿಂತಿರುವಾಗ ಮಾಪಕ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸೊನ್ನೆ ತೋರಿಸಿದರೆ ಅದು ನಿರಪೇಕ್ಷ ಒತ್ತಡದ ಮಾಪಕವೇ ಅಲ್ಲ. ಐಡಲ್‌ನಲ್ಲಿ ನಳಿಕೆ ಸೋರಿದರೆ ಓದಿಕೆ ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತೆ. ಅದನ್ನೇ ನಂಬಿದ ಕಂಪ್ಯೂಟರ್ ಇಂಧನ ಜಾಸ್ತಿ ಸುರಿಯುತ್ತೆ.

ಈಗ ಆ 55ಕ್ಕೆ ಬರೋಣ. ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಸಮುದ್ರಮಟ್ಟದ ಒತ್ತಡ 101 ಕಿಲೋಪಾಸ್ಕಲ್. ಕೋಲಾರದ ನೆಲದ ಮೇಲೆ ಸುಮಾರು 92. ಆ ದಿನ ನಿಶಾಂತ್ ಏರಿದ್ದು ಸಮುದ್ರಮಟ್ಟದಿಂದ 1.8 ಕಿ.ಮೀ.ಗೆ, ಅಲ್ಲಿ ಸುಮಾರು 82. ಲೇಹ್ ವಿಮಾನ ನಿಲ್ದಾಣದ ಎತ್ತರದಲ್ಲಿ 68. ಟರ್ಬೊ ಇಲ್ಲದ ಎಂಜಿನ್ನಿಗೆ ಥ್ರಾಟಲ್ ಪೂರ್ತಿ ತೆರೆದರೂ ಇದಕ್ಕಿಂತ ಹೆಚ್ಚು ಸಿಗೋದು ಕಷ್ಟ. ಸಮುದ್ರಮಟ್ಟದಲ್ಲಿ 55 ಕೊಡೋ ಎಂಜಿನ್, ತಂಪು ಗಾಳಿ ಸ್ವಲ್ಪ ನೆರವಾದರೂ, ಲೇಹ್‌ನಲ್ಲಿ 40ರ ಒಳಗೇ ಉಳಿಯುತ್ತೆ. ಗಡಿ ಕಾಯೋಕೆ ಅಂತ ಡ್ರೋನ್ ಕೊಳ್ಳುವಾಗ ಟೆಂಡರಿನಲ್ಲಿ ಯಾವ ಎತ್ತರದ, ಯಾವ ಒತ್ತಡದ ಶಕ್ತಿ ಬರೆದಿದ್ದಾರೆ ಅಂತ ಮೊದಲು ಹುಡುಕಿ.