‘ಸಿಲ್ಲಿ’ ಅಂದರೆ ಒಂದು ಕಾಲಕ್ಕೆ ಪುಣ್ಯವಂತ

ಸುಲಭದ ಲೆಕ್ಕ ತಪ್ಪಿದರೆ ಮೇಷ್ಟ್ರು ‘ಸಿಲ್ಲಿ ಮಿಸ್ಟೇಕ್’ ಅನ್ನುತ್ತಾರೆ. ಟಿವಿಯಲ್ಲಿ ‘ಸಿಲ್ಲಿ ಲಲ್ಲಿ’ ನೋಡಿ ನಾವೆಲ್ಲ ನಕ್ಕಿದ್ದೇವೆ. ಕ್ರಿಕೆಟ್‌ನಲ್ಲಿ ಬ್ಯಾಟಿನ ತೀರಾ ಹತ್ತಿರ ನಿಲ್ಲುವ ಜಾಗಕ್ಕೆ ‘ಸಿಲ್ಲಿ ಪಾಯಿಂಟ್’ ಎಂಬ ಹೆಸರು. ಅಲ್ಲಿ ನಿಲ್ಲುವುದು ಹುಚ್ಚು ಧೈರ್ಯ ತಾನೇ! ಹೀಗೆ ಸಿಲ್ಲಿ ಅಂದರೆ ಪೆದ್ದುತನ ಎಂದೇ ನಮಗೆ ಗೊತ್ತು.

ಆದರೆ ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಈ ಪದಕ್ಕೆ ‘ಸುಖಿ, ಪುಣ್ಯವಂತ’ ಎಂಬ ಅರ್ಥವಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಸೇಲ್’ ಅಂದರೆ ಒಳ್ಳೆಯ ಕಾಲ, ಸಂತೋಷ. ನಮ್ಮ ‘ಸುಗ್ಗಿ’ ಕೂಡ ಕಾಲವೂ ಹೌದು, ಸಂತೋಷವೂ ಹೌದಲ್ಲವೇ? ಹಾಗೆಯೇ ಇದು. ಆ ‘ಸೇಲ್’ನಿಂದ ‘ಗೆಸೇಲಿಗ್’ ಹುಟ್ಟಿತು, ಅದೇ ಮುಂದೆ ಸಿಲ್ಲಿ ಆಯಿತು. ಇದರ ದಾಯಾದಿಯಾದ ಜರ್ಮನ್ ಪದ ‘ಜೇಲಿಖ್’ಗೆ ಇವತ್ತಿಗೂ ಧನ್ಯ ಎಂಬ ಅರ್ಥವಿದೆ.

ಇಂಗ್ಲಿಷಿನಲ್ಲಿ ಮಾತ್ರ ಪದ ಒಂದೊಂದೇ ಮೆಟ್ಟಿಲು ಇಳಿಯಿತು. 13ನೇ ಶತಮಾನದ ಹೊತ್ತಿಗೆ ದೇವರ ಕೃಪೆ ಇದ್ದವರು ಹೋಗಿ ಏನೂ ಅರಿಯದ ಸಾಧುಗಳು ಬಂದರು. ಆಮೇಲೆ ‘ಅಯ್ಯೋ ಪಾಪ’ ಅನ್ನಿಸುವವರು, ಆಮೇಲೆ ಬಲವಿಲ್ಲದವರು. ಕುರಿಗಳಿಗೆ ಈ ಪದ ಅಂಟಿಕೊಂಡಿತು. 16ನೇ ಶತಮಾನದಲ್ಲಿ ಅಂತಸ್ತಿಲ್ಲದ, ಓದುಬರಹವಿಲ್ಲದ ಹಳ್ಳಿಗರಿಗೂ ಅದನ್ನೇ ಬಳಸಿದರು. ಆ ಶತಮಾನ ಮುಗಿಯುವಷ್ಟರಲ್ಲಿ ಬುದ್ಧಿ ಇಲ್ಲದವರು ಎಂಬ ಅರ್ಥವೂ ಸೇರಿತು. ಕೊನೆಗೆ ಉಳಿದದ್ದು ಅದೇ.

ಗಮನಿಸಿ, ಬೈಯಲೆಂದು ಯಾರೂ ಹುಟ್ಟಿಸಿದ ಪದವಲ್ಲ ಇದು. ಕನಿಕರ ತೋರಿಸುತ್ತಲೇ ಜನ ಎದುರಿಗಿದ್ದವರನ್ನು ಕೀಳಾಗಿ ಕಾಣತೊಡಗಿದರು.

ನಮ್ಮ ‘ಮುಗ್ಧ’ ಪದ ಇದಕ್ಕೆ ಉಲ್ಟಾ ದಾರಿಯಲ್ಲಿ ನಡೆದಿದೆ. ‘ಮೋಹ’ ಹುಟ್ಟಿದ ಸಂಸ್ಕೃತ ಮೂಲದಿಂದಲೇ ಇದೂ ಬಂದದ್ದು. ಹಳೆಯ ಅರ್ಥ ಮಂಕು ಕವಿದವನು, ತಿಳಿಗೇಡಿ. ಈಗ ಕಪಟ ಅರಿಯದವನು. ಮಗುವಿನ ನಗುವಿಗೆ ಹೇಳಿದರೆ ಅದು ಹೊಗಳಿಕೆಯೇ ಸರಿ.

ಆದರೆ ‘ಮುಗ್ಧ ಗ್ರಾಮಸ್ಥರಿಗೆ ವಂಚನೆ’ ಎಂಬಂಥ ತಲೆಬರಹ ನೋಡಿ. ಒಟಿಪಿ ಹೇಳಿ ಹಣ ಕಳೆದುಕೊಂಡ ಪೇಟೆಯ ಎಂಜಿನಿಯರ್ ಮುಗ್ಧ ಅನ್ನಿಸಿಕೊಳ್ಳುವುದು ಅಪರೂಪ. ಅದೇ ಮೋಸ ರೈತರಿಗಾದರೆ ಆ ಪದ ತಾನಾಗಿ ಬಂದು ಕೂರುತ್ತದೆ. ಓದುವವರ ಕಣ್ಣು ಕದ್ದವನನ್ನು ಬಿಟ್ಟು ಕಳೆದುಕೊಂಡವರ ತಿಳಿವಳಿಕೆಯ ಮೇಲೆ ಬೀಳುತ್ತದೆ. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ.

ಅದಕ್ಕೇ ಇಂಥ ಸುದ್ದಿ ಬರೆಯುವಾಗ ನಾವು ‘ಮುಗ್ಧ’ ಪದ ಬಿಡುತ್ತೇವೆ. ಎಷ್ಟು ಜನರಿಗೆ ಮೋಸವಾಯಿತು, ಎಷ್ಟು ಹಣ ಹೋಯಿತು, ಏನು ಹೇಳಿ ನಂಬಿಸಿದರು, ದೂರು ಎಲ್ಲಿ ದಾಖಲಾಗಿದೆ ಎಂದು ಬರೆಯುತ್ತೇವೆ. ಪಕ್ಕದ ಊರಿನವರು ಹುಷಾರಾಗಲು ಬೇಕಾದದ್ದು ಅದು.