ದವಾಖಾನೆ ಮತ್ತು ಮನೆಯವರ ದೂರು: ಗದಗ ಸೀಮೆಯ ಒಂದು ಇತಿಹಾಸ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳು ಇಂದು ಒಂದೇ ಜಿಲ್ಲೆಯ ಊರುಗಳಾಗಿದ್ದರೂ, ಪಾಶ್ಚಾತ್ಯ ವೈದ್ಯಪದ್ಧತಿಯ ಆಸ್ಪತ್ರೆಗಳು ಈ ಭಾಗಕ್ಕೆ ಬಂದ ಕಾಲಕ್ಕೆ ಅವು ಮೂರು ಆಡಳಿತಗಳಿಗೆ ಹಂಚಿಹೋಗಿದ್ದವು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಒಳಪಟ್ಟಿದ್ದವು. ನಡುವೆ ಎತ್ತಿನ ಬಂಡಿಗೆ ಅರ್ಧ ದಿನದ ದಾರಿಯಷ್ಟೇ ಇದ್ದ ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳ ಜನ ಕಂದಾಯ ಕಟ್ಟುವುದಕ್ಕೂ ಅರ್ಜಿ ಗುಜರಾಯಿಸುವುದಕ್ಕೂ ಬೇರೆ ಬೇರೆ ದರ್ಬಾರುಗಳ ಕಡೆ ನೋಡಬೇಕಿತ್ತು. ಆಸ್ಪತ್ರೆಗೆ ಸೇರಿದವರ ಆರೈಕೆ ಸರಿಯಾಗಲಿಲ್ಲವೆಂದು ಮನೆಯವರಿಗೆ ಅನ್ನಿಸಿದಾಗ ಆ ಅಸಮಾಧಾನವನ್ನು ಯಾರ ಮುಂದೆ ಇಡಬೇಕು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಎಂದೂ ಒಂದೇ ಉತ್ತರವಿರಲಿಲ್ಲ. ಈ ಪ್ರಶ್ನೆಯ ಜಾಡು ಹಿಡಿದು ಹೋದರೆ ಇಲ್ಲಿನ ಆಸ್ಪತ್ರೆಗಳ ಇತಿಹಾಸದಲ್ಲಿ ವೈದ್ಯರು ಮತ್ತು ಕಟ್ಟಡಗಳ ಜೊತೆಗೆ ರೋಗಿಯ ಹಾಸಿಗೆಯ ಪಕ್ಕ ಕುಳಿತವರೂ ಕಾಣಿಸಿಕೊಳ್ಳುತ್ತಾರೆ.

ಆಸ್ಪತ್ರೆ ಬರುವ ಮುಂಚೆ ಕಾಯಿಲೆಯ ತೀರ್ಮಾನವೆಲ್ಲ ಮನೆಯ ಹಿರಿಯರ ಕೈಯಲ್ಲೇ ಇತ್ತು. ಮುಂಡರಗಿ, ಶಿರಹಟ್ಟಿ ಮತ್ತು ಗದಗ ಸೀಮೆಗಳಿಗೆ ಹೊಂದಿಕೊಂಡಿರುವ ಕಪ್ಪತಗುಡ್ಡದ ಗಿಡಮೂಲಿಕೆಗಳನ್ನು ಬಲ್ಲ ನಾಟಿವೈದ್ಯರು, ಮುರಿದ ಮೂಳೆ ಕೂಡಿಸಿ ಕಟ್ಟು ಹಾಕುವವರು, ಹೆರಿಗೆ ಮಾಡಿಸುವ ಸೂಲಗಿತ್ತಿಯರು ಇವರೆಲ್ಲ ರೋಗಿಯಿದ್ದಲ್ಲಿಗೆ ಬರುತ್ತಿದ್ದರು. ಕಷಾಯ ಕುದಿಸುವುದು, ಪಥ್ಯ ನೋಡಿಕೊಳ್ಳುವುದು, ರಾತ್ರಿ ಎಚ್ಚರವಿರುವುದು ಮನೆಯವರ ಪಾಲಿಗೆ ಬರುತ್ತಿತ್ತು. ವೈದ್ಯನ ಕೈಗುಣ ಒಗ್ಗದಿದ್ದರೆ ಇನ್ನೊಬ್ಬನನ್ನು ಕರೆಸುತ್ತಿದ್ದರು, ಅದೂ ಸಾಗದಿದ್ದರೆ ದೇವರಿಗೆ ಹರಕೆ ಹೊರುತ್ತಿದ್ದರು. ಸಾವು ಬಂದಾಗ ದುಃಖವಿರುತ್ತಿತ್ತು, ವೈದ್ಯನ ಮೇಲೆ ಸಿಟ್ಟೂ ಇರುತ್ತಿತ್ತು. ಆದರೆ ಕಣ್ಣಮುಂದೆಯೇ ನಡೆದ ಆರೈಕೆಯ ಬಗ್ಗೆ ಅದು ಹೇಗೆ ನಡೆಯಿತೆಂದು ಹೊರಗಿನವರನ್ನು ಕೇಳುವ ಪ್ರಸಂಗವೇ ಇರಲಿಲ್ಲ.

ಬ್ರಿಟಿಷ್ ಆಡಳಿತ ತಂದ ಸರ್ಕಾರಿ ದವಾಖಾನೆ, ಅಂದರೆ ಔಷಧ ಕೊಟ್ಟು ಗಾಯ ಕಟ್ಟಿ ಕಳಿಸುವ ಹೊರರೋಗಿಗಳ ಕೇಂದ್ರ, ಈ ಸ್ಥಿತಿಯನ್ನು ಅಷ್ಟಾಗಿ ಕದಲಿಸಲಿಲ್ಲ. ಮನೆಯವರು ಬಾಟಲಿ ಹಿಡಿದುಕೊಂಡು ಹೋಗಿ ಔಷಧ ತರುತ್ತಿದ್ದರು, ರೋಗಿ ಮನೆಯಲ್ಲಿಯೇ ಉಳಿಯುತ್ತಿದ್ದ. ಕಾನೂನಿನ ಮಟ್ಟದಲ್ಲಿ ಮಾತ್ರ ಎರಡು ಸಾಧನಗಳು ಅಷ್ಟರಲ್ಲಾಗಲೇ ಸಿದ್ಧವಾಗಿದ್ದವು. ಬೇರೊಬ್ಬರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು, ತಂದೆ ತಾಯಿ ಪರಿಹಾರ ಕೇಳಲು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ ಅವಕಾಶ ಕೊಟ್ಟಿತ್ತು; ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದನ್ನು ಅಪರಾಧವೆಂದು ಹೇಳುವ 304-ಎ ಕಲಮು 1870ರಲ್ಲಿ ದಂಡಸಂಹಿತೆಗೆ ಸೇರಿತ್ತು. ಆದರೆ ವಕೀಲರ ಖರ್ಚು, ಧಾರವಾಡದ ಅಲೆದಾಟ, ವೈದ್ಯನ ತಪ್ಪಿಗೆ ಇನ್ನೊಬ್ಬ ವೈದ್ಯನ ಸಾಕ್ಷಿ ಬೇಕೆಂಬ ತೊಡಕು ಇವೆಲ್ಲವುಗಳಿಂದಾಗಿ ನೇಕಾರರ ಬೆಟಗೇರಿಗೂ ಒಕ್ಕಲಿಗರ ಹಳ್ಳಿಗಳಿಗೂ ಈ ಕಲಮುಗಳು ಪುಸ್ತಕದ ಮಾತಾಗಿಯೇ ಉಳಿದವು.

ಆಸ್ಪತ್ರೆ ಮತ್ತು ಮನೆಯವರು ಎದುರುಬದುರಾಗಿ ನಿಂತದ್ದು ಪ್ಲೇಗಿನ ವರ್ಷಗಳಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗ ರೈಲುಮಾರ್ಗ ಹಿಡಿದು ದಕ್ಷಿಣಕ್ಕೆ ಇಳಿಯಿತು. ಗದಗವನ್ನು ಹುಬ್ಬಳ್ಳಿಗೂ ಹೊಟಗಿಗೂ ಜೋಡಿಸಿದ್ದ ಸದರ್ನ್ ಮರಾಠಾ ರೈಲ್ವೆ ಹತ್ತಿ ಮತ್ತು ಕಾಳುಕಡಿಗಳ ವ್ಯಾಪಾರವನ್ನು ಬೆಳೆಸಿದ ಹಾಗೆಯೇ ರೋಗದ ಹಾದಿಯನ್ನೂ ಸುಗಮಗೊಳಿಸಿತು. 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮನೆಯೊಳಗೆ ನುಗ್ಗಿ ಶೋಧಿಸುವ, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ರೋಗಿಯನ್ನು ಪ್ರತ್ಯೇಕ ಆಸ್ಪತ್ರೆಗೆ ಒಯ್ಯುವ ಅಧಿಕಾರ ಕೊಟ್ಟಿತು. ಮನೆಯವರ ಒಪ್ಪಿಗೆಯಿಲ್ಲದೆ ರೋಗಿಯನ್ನು ಮನೆಯಿಂದ ಹೊರಡಿಸಬಹುದಾದದ್ದು ಜನಸಾಮಾನ್ಯರ ಅನುಭವದಲ್ಲಿ ಹೊಸದು.

ಆ ಕಾಲದ ದೂರುಗಳನ್ನು ವಿಂಗಡಿಸಿ ನೋಡಿದರೆ ಅವು ಬರೀ ಅಜ್ಞಾನದಿಂದ ಹುಟ್ಟಿದವಲ್ಲವೆಂಬುದು ತಿಳಿಯುತ್ತದೆ. ಕಂಕುಳು ಮತ್ತು ತೊಡೆಸಂದಿಗಳಲ್ಲಿ ಗಡ್ಡೆ ಹುಡುಕುವ ನೆಪದಲ್ಲಿ ಪರಗಂಡಸರು ಹೆಂಗಸರನ್ನು ಮುಟ್ಟುತ್ತಾರೆ ಎಂಬುದು ಒಂದು. ಜಾತಿ, ಮಡಿ, ಊಟದ ಕಟ್ಟಳೆಗಳನ್ನು ಕೇಳುವವರಿಲ್ಲ ಎಂಬುದು ಇನ್ನೊಂದು. ಆಸ್ಪತ್ರೆಗೆ ಹೋದವರ ಸುದ್ದಿಯೇ ಮನೆಗೆ ಬರುವುದಿಲ್ಲ, ಸಾಯುವಾಗ ಬಾಯಿಗೆ ನೀರು ಬಿಡಲೂ ಮನೆಯವರು ಹತ್ತಿರ ಇರುವುದಿಲ್ಲ ಎಂಬುದು ಮತ್ತೊಂದು. ಒಳಗೆ ಏನು ನಡೆಯುತ್ತದೆಂದು ಕಾಣದಿದ್ದಾಗ ವದಂತಿ ಹಬ್ಬುವುದು ಸಹಜ, ಮತ್ತು ಆಸ್ಪತ್ರೆಯಲ್ಲಿ ಬೇಕೆಂದೇ ಕೊಲ್ಲುತ್ತಾರೆ, ಹೆಣದಿಂದ ಎಣ್ಣೆ ತೆಗೆಯುತ್ತಾರೆ ಎಂಬ ಮಾತುಗಳು ಪ್ರಾಂತದಾದ್ಯಂತ ಓಡಾಡಿದವು. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಗಿರಣಿ ಕೆಲಸಗಾರರು ಮುಗಿಬಿದ್ದರು. 1897ರ ಜೂನ್ 22ರಂದು ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು. 1898ರಲ್ಲಿ ಮೈಸೂರು ಸಂಸ್ಥಾನದ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ದೊಂಬಿಯಾಯಿತು. ದೂರು ಕೊಡಲು ಬೇರೆ ದಾರಿ ಕಾಣದ ಕಡೆ ಕಲ್ಲೇ ಅರ್ಜಿಯ ಕೆಲಸ ಮಾಡಿತು.

ಧಾರವಾಡ ಜಿಲ್ಲೆಯಲ್ಲಿ ಬೇರೊಂದು ಬಗೆಯ ರಾಜಿಯೂ ನಡೆಯಿತು. ಮುಂಬಯಿಯಲ್ಲಿ ವಿಜ್ಞಾನಿ ಹಾಫ್ಕಿನ್ ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಬಹುಪಾಲು ಜನ ಹಾಕಿಸಿಕೊಂಡರು. ಧಾರವಾಡ, ಗದಗಗಳಲ್ಲೂ ಚುಚ್ಚುಮದ್ದಿನ ಕೆಲಸ ನಡೆಯಿತು. ಲಸಿಕೆ ಹಾಕಿಸಿಕೊಂಡವನು ತನ್ನ ಮನೆಮಂದಿಯ ನಡುವೆಯೇ ಉಳಿಯಬಹುದಾಗಿದ್ದರಿಂದ ಅದು ಆಸ್ಪತ್ರೆಗಿಂತ ಸಹ್ಯವೆನಿಸಿತು. ಇದಕ್ಕೆ ಜೊತೆಯಾಗಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿ ಬೆಳೆಯಿತು. ಇಲಿ ಬಿದ್ದ ಸುದ್ದಿ ಬಂದೊಡನೆ ಇಡೀ ಕುಟುಂಬ ದನಕರುಗಳ ಸಮೇತ ಹೊರಬೀಳುತ್ತಿತ್ತು, ರೋಗ ತಗ್ಗುವವರೆಗೆ ಬಯಲೇ ಊರಾಗುತ್ತಿತ್ತು. ಸರ್ಕಾರವೂ ಬಲಾತ್ಕಾರದಿಂದ ಹಿಂದೆ ಸರಿಯುತ್ತ, ಮುಂಬಯಿ ಮತ್ತು ಪುಣೆಗಳಲ್ಲಿ ಒಂದೊಂದು ಸಮುದಾಯ ತನ್ನದೇ ಆಸ್ಪತ್ರೆ ನಡೆಸಲು ಒಪ್ಪಿತು, ರೋಗಿಯ ಬಳಿ ಮನೆಯವರು ಇರುವುದಕ್ಕೂ ಅವಕಾಶ ಕೊಟ್ಟಿತು. 1930ರ ಹೊತ್ತಿಗೆ ಭಾರತದಲ್ಲಿ ಸುಮಾರು 1 ಕೋಟಿ 20 ಲಕ್ಷ ಜೀವಗಳನ್ನು ತೆಗೆದ ಈ ರೋಗದ ನಡುವೆ ಆಡಳಿತ ಕಲಿತದ್ದು ಇಷ್ಟು: ಮನೆಯವರನ್ನು ಹೊರಗಿಟ್ಟ ಚಿಕಿತ್ಸೆಗೆ ಜನ ರೋಗಿಯನ್ನು ಒಪ್ಪಿಸುವುದಿಲ್ಲ, ಬಚ್ಚಿಡುತ್ತಾರೆ.

ಈ ಪಾಠವನ್ನು ಮೊದಲಿನಿಂದಲೂ ಅನುಸರಿಸಿದವು ಮಿಷನ್ ಆಸ್ಪತ್ರೆಗಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಗಳಲ್ಲಿ ನೆಲೆಯೂರಿತ್ತು. 20ನೇ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಅದು ಕಟ್ಟಿದ ಆಸ್ಪತ್ರೆ ಸುತ್ತಲಿನ ಜನರ ಬಾಯಲ್ಲಿ ಜರ್ಮನ್ ಆಸ್ಪತ್ರೆಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾಗಿ, ಮುಂದೆ ಅದು ದಕ್ಷಿಣ ಭಾರತ ಸಭೆಯೆಂಬ ಕ್ರೈಸ್ತ ಸಂಸ್ಥೆಯ ಆಸ್ಪತ್ರೆಯಾದ ಮೇಲೂ ಆ ಹೆಸರು ಬಳಕೆಯಲ್ಲಿ ಉಳಿಯಿತು. ಸಂಸ್ಥಾನದ ಪ್ರಜೆಗಳಿಗೆ ಇನ್ನೊಂದು ದಿಕ್ಕೂ ತೆರೆದಿತ್ತು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದ ಆಸ್ಪತ್ರೆ ಶಸ್ತ್ರಚಿಕಿತ್ಸೆಗೆ ಹೆಸರಾಗಿತ್ತು. ಲಕ್ಷ್ಮೇಶ್ವರದವರು ಯಲವಿಗಿಯಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿ, ಲೋಂಡಾ, ಬೆಳಗಾವಿಗಳ ಮೂಲಕ ತಮ್ಮ ಸಂಸ್ಥಾನದ ರಾಜಧಾನಿಯನ್ನೇ ಮುಟ್ಟಬಹುದಿತ್ತು.

ಭಾರತದ ಮಿಷನ್ ಆಸ್ಪತ್ರೆಗಳಲ್ಲಿ ರೋಗಿಯೊಬ್ಬ ಒಳಗೆ ಮಲಗಿದರೆ ಅವನ ಸಂಸಾರವೇ ಆವರಣದಲ್ಲಿ ಬಿಡಾರ ಹೂಡುವುದು ಸಾಮಾನ್ಯವಾಗಿತ್ತು. ಮೂರು ಕಲ್ಲು ಹೂಡಿ ಒಲೆ ಹಚ್ಚಿ ಅಂಬಲಿ ಕಾಯಿಸುವುದು, ಊರಿನಿಂದ ಬಂದವರು ತಂದ ರೊಟ್ಟಿ ಬುತ್ತಿಯನ್ನು ಹಂಚಿಕೊಳ್ಳುವುದು, ರೋಗಿಯ ಬಟ್ಟೆ ಒಗೆಯುವುದು, ನರ್ಸ್ ಬಂದಾಗ ಜ್ವರ ಎಷ್ಟಿದೆಯೆಂದು ಕೇಳಿ ತಿಳಿಯುವುದು ಹೀಗೆ ಮನೆಯ ಆರೈಕೆ ಆಸ್ಪತ್ರೆಯ ಗೋಡೆಯವರೆಗೂ ಬಂದು ಸೇರುತ್ತಿತ್ತು. ಆಸ್ಪತ್ರೆಗೆ ಇದರಿಂದ ಅಡುಗೆ ಮತ್ತು ಆಳುಗಳ ಖರ್ಚು ಉಳಿಯುತ್ತಿತ್ತು. ಮನೆಯವರಿಗೆ ನಡೆದದ್ದನ್ನು ಕಣ್ಣಾರೆ ನೋಡುವ ಅವಕಾಶ ಸಿಗುತ್ತಿತ್ತು. ಅಸಮಾಧಾನ ಹುಟ್ಟಿದರೆ ಅದನ್ನು ದೊಡ್ಡ ಡಾಕ್ಟರರ ಮುಂದೆ ಅಲ್ಲಿಯೇ ಹೇಳಬೇಕಿತ್ತು. ಅವರ ಮಾತೇ ಕೊನೆಯದಾಗಿದ್ದರಿಂದ ನ್ಯಾಯ ಅವರ ಸ್ವಭಾವವನ್ನು ಅವಲಂಬಿಸಿತ್ತು.

1948ರಲ್ಲಿ ಮಿರಜ ಮತ್ತು ಸಾಂಗಲಿ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ನಾಲ್ಕೂ ಊರುಗಳು ಮೊದಲ ಸಲ ಒಂದೇ ಆಡಳಿತದ ಕೆಳಗೆ ಬಂದವು; 1956ರಲ್ಲಿ ಧಾರವಾಡ ಜಿಲ್ಲೆಯೊಂದಿಗೆ ವಿಶಾಲ ಮೈಸೂರಿಗೆ ಸೇರಿದವು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಇಲ್ಲಿ ಕೈಮೀರಿದ ಕಾಯಿಲೆಗಳೆಲ್ಲ ಅತ್ತ ಹೊರಳಿದವು. ತಾಲೂಕು ಆಸ್ಪತ್ರೆಯ ಚೀಟಿಯ ಮೇಲೆ ವೈದ್ಯರು ಹುಬ್ಬಳ್ಳಿಯ ಹೆಸರು ಬರೆದೊಡನೆ ಮನೆಯವರು ವಾಹನ, ಹಣ ಮತ್ತು ಜೊತೆಗೆ ಬರುವ ಗಂಡಾಳುಗಳನ್ನು ಹೊಂದಿಸಬೇಕಾಗುತ್ತದೆ. ದಾರಿಯಲ್ಲಿ ಅಥವಾ ತಲುಪಿದ ಸ್ವಲ್ಪ ಹೊತ್ತಿನಲ್ಲಿ ರೋಗಿ ತೀರಿಕೊಂಡರೆ, ಇಲ್ಲಿಯವರು ತಡಮಾಡಿದರೋ ಅಲ್ಲಿಯವರು ಗಮನ ಕೊಡಲಿಲ್ಲವೋ ಎಂಬ ಸಂಶಯ ಎರಡು ಊರುಗಳ ನಡುವೆ ಜೋತಾಡುತ್ತದೆ, ಮತ್ತು ಎರಡೂ ಕಡೆಯ ಕಾಗದಗಳು ತಮ್ಮ ತಮ್ಮ ಪಾಲಿನ ಕೆಲಸ ಸರಿಯಾಗಿದೆಯೆಂದೇ ಹೇಳುತ್ತವೆ. ಮುಂಡರಗಿ ಮತ್ತು ಶಿರಹಟ್ಟಿಯಂತಹ ಊರುಗಳಲ್ಲಿ ಮನೆಯವರ ಅಸಮಾಧಾನದ ದೊಡ್ಡ ಪಾಲು ಈ ಪ್ರಯಾಣದಿಂದಲೇ ಹುಟ್ಟುತ್ತದೆ.

ನ್ಯಾಯಾಲಯಗಳು ಈ ಬಗೆಯ ಸಂಶಯಕ್ಕೆ ಅಳತೆಗೋಲು ಕೊಟ್ಟದ್ದು ಮುಂಬಯಿ ರಾಜ್ಯದ್ದೇ ಒಂದು ಪ್ರಕರಣದಲ್ಲಿ. 1953ರಲ್ಲಿ ರತ್ನಾಗಿರಿ ಜಿಲ್ಲೆಯ ಕಡಲತೀರದಲ್ಲಿ ತೊಡೆಯ ಮೂಳೆ ಮುರಿದುಕೊಂಡ ಯುವಕನೊಬ್ಬ ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಸ್ವತಃ ವೈದ್ಯರಾಗಿದ್ದ ಅವನ ತಂದೆ ದಾವೆ ಹೂಡಿದರು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯ 3,000 ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿದು, ರೋಗಿಯನ್ನು ಸ್ವೀಕರಿಸುವ ನಿರ್ಧಾರ, ಚಿಕಿತ್ಸೆಯ ಆಯ್ಕೆ ಮತ್ತು ಚಿಕಿತ್ಸೆ ನೀಡುವ ರೀತಿ ಈ ಮೂರರಲ್ಲೂ ವೈದ್ಯನಿಗೆ ಎಚ್ಚರಿಕೆಯ ಹೊಣೆಯಿದೆ ಎಂದಿತು. ಹದಿನೈದು ವರ್ಷ ಹಿಡಿದ ಈ ವ್ಯಾಜ್ಯವನ್ನು ನಡೆಸಲು ತಂದೆಗೆ ಸಾಧ್ಯವಾದದ್ದರ ಹಿಂದೆ ಅವರ ವೈದ್ಯಜ್ಞಾನವಿತ್ತು ಎಂಬುದನ್ನು ಗಮನಿಸಬೇಕು.

ಸಾಮಾನ್ಯ ಕುಟುಂಬಗಳಿಗೆ ದಾರಿ ಸಲೀಸಾದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. 1986ರ ಆ ಕಾಯ್ದೆ ವೈದ್ಯಕೀಯ ಸೇವೆಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರ ನವೆಂಬರ್ 13ರಂದು ತೀರ್ಪಿತ್ತಿತು. ಆದರೆ ಎಲ್ಲ ರೋಗಿಗಳಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಅದರಿಂದ ಹೊರಗಿಟ್ಟಿತು. ಹಣ ಕೊಡುವವರು ಕೆಲವರಾದರೂ ಇರುವ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಚಿಕಿತ್ಸೆ ಪಡೆದವನೂ ದೂರಬಹುದು, ಎಲ್ಲರೂ ಬಡವರೇ ಆಗಿರುವ ಕಡೆ ಯಾರೂ ದೂರುವಂತಿಲ್ಲ ಎಂಬ ಫಲಿತ ಇದರಿಂದ ಬಂತು. ಹಳೆಯ ಕಾಯ್ದೆಯ ಪ್ರಕಾರ ಆಸ್ಪತ್ರೆಯಿರುವ ಅಥವಾ ಘಟನೆ ನಡೆದ ಜಿಲ್ಲೆಯಲ್ಲೇ ದೂರು ಸಲ್ಲಿಸಬೇಕಿದ್ದರಿಂದ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆದ ಮುಂಡರಗಿಯವರು ಧಾರವಾಡಕ್ಕೆ ಅಲೆಯಬೇಕಿತ್ತು. 2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಯಾದ ಮೇಲೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಗದಗಿನಲ್ಲೇ, ಎರಡು ವರ್ಷಗಳೊಳಗೆ ದೂರು ಕೊಡಬಹುದಾಗಿದೆ.

1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗಿ, 2015ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ತರಗತಿಗಳನ್ನು ಆರಂಭಿಸಿದಾಗ ದೊಡ್ಡ ಆಸ್ಪತ್ರೆ ಹತ್ತಿರ ಬಂತು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಈ ಸೀಮೆಯ ರೈತರಿಗೆ 2003ರ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಮೂಲಕವೇ ಖಾಸಗಿ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯನ್ನು ಎಟುಕಿಸಿತು. ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕಾಗಿ ರೂಪಿಸಿದ್ದ 2007ರ ಕರ್ನಾಟಕ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಕೊನೆಗೆ ಸಡಿಲಗೊಂಡು ಅಂಗೀಕಾರವಾದ ತಿದ್ದುಪಡಿಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದೆಂಬ ನಿಯಮವೂ ಉಳಿದುಕೊಂಡವು. ಸರ್ಕಾರಿ ಆಸ್ಪತ್ರೆಗಳು ಮಾತ್ರ ಇದರ ವ್ಯಾಪ್ತಿಯ ಹೊರಗಿವೆ. ಇತ್ತ ವೈದ್ಯರ ರಕ್ಷಣೆಯ ಕಾನೂನೂ ಬೆಳೆಯಿತು: ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲದು, ಅದಕ್ಕೂ ಮುನ್ನ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು, ಆಸ್ಪತ್ರೆಗಳ ಮೇಲಿನ ಹಲ್ಲೆಯನ್ನು ತಡೆಯಲು ರಾಜ್ಯ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು.

ಇಷ್ಟೆಲ್ಲ ಬೆಳವಣಿಗೆಯ ನಡುವೆ ಮನೆಯವರ ಕೈಗೆ ಬಂದಿರುವ ನಿಜವಾದ ಸಾಧನ ಕಾಗದ. ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ವಿಧಿಸಿದವು. ಆದರೆ ದಾಖಲೆಯಿರುವುದು ಇಂಗ್ಲಿಷಿನಲ್ಲಿ, ವೈದ್ಯರ ಸಂಕ್ಷಿಪ್ತ ಅಕ್ಷರಗಳಲ್ಲಿ. ರೋಗಿಯನ್ನು ಬೇರೆಡೆಗೆ ಒಯ್ಯಲು ಮನೆಯವರು ಅವಸರಪಟ್ಟಾಗ ಮುಂದೆ ಬರುವ ಹಾಳೆಯಲ್ಲಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ ಎಂದು ಬರೆದಿರುತ್ತದೆ; ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಮುಂದೆ ದೂರು ಬಂದರೆ ಮೊದಲು ಹೊರಬರುವುದು ಆ ಹಾಳೆಯೇ.

ಸಂಸ್ಥಾನಗಳ ಕಾಲದಲ್ಲಿ ದೂರಿನ ದಿಕ್ಕನ್ನು ಹುಟ್ಟಿದ ಊರು ನಿರ್ಧರಿಸುತ್ತಿತ್ತು. ಇಂದು ಅದನ್ನು ಬಿಲ್ಲು ನಿರ್ಧರಿಸುತ್ತದೆ. ಹಣ ಕಟ್ಟಿದವನಿಗೆ ಗ್ರಾಹಕರ ಆಯೋಗವೂ ಜಿಲ್ಲಾ ಪ್ರಾಧಿಕಾರವೂ ತೆರೆದಿವೆ, ಎಲ್ಲರಿಗೂ ಉಚಿತವಾದ ಆಸ್ಪತ್ರೆಯಲ್ಲಿ ಮಲಗಿದವನ ಮನೆಯವರಿಗೆ ಸಿವಿಲ್ ನ್ಯಾಯಾಲಯ, ವೈದ್ಯಕೀಯ ಪರಿಷತ್ತು, ಮಾನವ ಹಕ್ಕುಗಳ ಆಯೋಗ ಇಂಥ ದೂರದ ಕಚೇರಿಗಳೇ ಗತಿ. ದೂರುಗಳ ಒಳತಿರುಳು ಮಾತ್ರ ಪ್ಲೇಗಿನ ಕಾಲದಿಂದ ಹೆಚ್ಚು ಬದಲಾಗಿಲ್ಲ: ಹತ್ತಿರ ಇರಲು ಬಿಡಲಿಲ್ಲ, ಏನಾಗುತ್ತಿದೆ ಎಂದು ಹೇಳಲಿಲ್ಲ, ಹೋದ ಮೇಲೆ ಮರ್ಯಾದೆಯಿಂದ ಒಪ್ಪಿಸಲಿಲ್ಲ. ಕಾಯ್ದೆಗಳು ಇವುಗಳನ್ನು ಪರಿಹಾರದ ಮೊತ್ತವಾಗಿಯೋ ಅಪರಾಧದ ಕಲಮಾಗಿಯೋ ಬದಲಿಸಿ ತೂಗುತ್ತವೆ. ಮನೆಯವರನ್ನು ಆರೈಕೆಯ ಪಾಲುದಾರರೆಂದು ಒಪ್ಪಿಕೊಂಡಾಗ ದೂರು ತಾನಾಗಿ ತಗ್ಗಿತೆಂಬುದನ್ನು ಈ ಸೀಮೆಯ ಗುಡಿಸಲುಗಳೂ ಮಿಷನ್ ಆಸ್ಪತ್ರೆಯ ಆವರಣವೂ ನೂರು ವರ್ಷಗಳ ಹಿಂದೆಯೇ ತೋರಿಸಿದ್ದವು. ಆ ಅನುಭವವನ್ನು ನಿಯಮವಾಗಿ ಬರೆಯುವ ಕೆಲಸ, ಅದರಲ್ಲೂ ಉಚಿತ ವಾರ್ಡುಗಳಿಗಾಗಿ, ಇನ್ನೂ ಬಾಕಿಯಿದೆ.